ಕೆಂಪು ನೂಲಿನಲ್ಲಿ ಹದಿನಾರು ಬಿಲ್ಲೆ

ಇದನ್ನು ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇಂಜಿನ್ ಬಿಚ್ಚಿದವನಲ್ಲ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನೂ ಅಲ್ಲ. ಇವೆರಡನ್ನೂ ಬಲ್ಲವರು ಗಜೇಂದ್ರಗಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಹೇಳಿದ್ದರೆ ನೆಟ್ಟಗೆ ಹೇಳುತ್ತಿದ್ದರು. ಅದೂ ಅಲ್ಲದೆ ಇದು ಒಬ್ಬ ಮರ್ಯಾದಸ್ಥನ ನಾಚಿಕೆಯ ಸಂಗತಿ. ಬರೆಯಲೋ ಬೇಡವೋ ಎಂದು ಮೂರು ಸಲ ಹಾಳೆ ಮಡಚಿಟ್ಟೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಳ್ಳಬೇಕು.

ಶರಣಬಸಪ್ಪ ರೋಣದ ಒಂದು ಖಾಸಗಿ ಐಟಿಐಯಲ್ಲಿ ಹತ್ತೊಂಬತ್ತು ವರ್ಷದಿಂದ ಮೋಟಾರ್ ಮೆಕ್ಯಾನಿಕ್ ಕಲಿಸುವ ಮಾಸ್ತರ. ಆ ಹತ್ತೊಂಬತ್ತು ವರ್ಷದಲ್ಲಿ ಅವನು ಒಂದೇ ಒಂದು ಇಂಜಿನ್ನನ್ನೂ ತನ್ನ ಕೈಯಾರೆ ಬಿಚ್ಚಿರಲಿಲ್ಲ. ಇದು ಅವನೊಬ್ಬನಿಗೇ ಗೊತ್ತಿದ್ದ ವಿಷಯ. ಡಿಪ್ಲೊಮಾವನ್ನು ಸಂಜೆ ತರಗತಿಯಲ್ಲಿ ಮಾಡಿದ್ದ. ಸಂಜೆ ಹೊತ್ತಿಗೆ ಅಲ್ಲಿನ ವರ್ಕ್‌ಶಾಪಿಗೆ ಕೀಲಿ ಬಿದ್ದಿರುತ್ತಿತ್ತು, ಆದ್ದರಿಂದ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆಯೇ ಕಲಿತ. ಕಲಿಸುವುದಕ್ಕೆ ನಿಂತ ಮೇಲೆ, ಬಿಚ್ಚುವ ಕೂಡಿಸುವ ಕೆಲಸಕ್ಕೆ ಒಬ್ಬ ಸಹಾಯಕನಿದ್ದ. ಶರಣಬಸಪ್ಪ ಪಕ್ಕದಲ್ಲಿ ಬೆತ್ತ ಹಿಡಿದು ಹೆಸರು ಹೇಳುತ್ತಿದ್ದ. ಅವನದೇ ಆದದ್ದೆಂದರೆ ಅರ್ಧ ಕೊಯ್ದು ಬಣ್ಣ ಬಳಿದ ಒಂದು ಇಂಜಿನ್ ಮಾದರಿ. ಗಾಳಿ ಹೋಗುವ ದಾರಿಗೆ ನೀಲಿ, ಹೊಗೆ ಬರುವ ದಾರಿಗೆ ಕೆಂಪು. ಅದಕ್ಕೆ ಎಣ್ಣೆ ಇರಲಿಲ್ಲ, ಬಿಸಿ ಇರಲಿಲ್ಲ, ತಪ್ಪು ಹೇಳಿದರೆ ಅದು ಮರಳಿ ಏನೂ ಅನ್ನುತ್ತಿರಲಿಲ್ಲ. ಅದರ ಮುಂದೆ ಅವನು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದನೆಂದರೆ, ಹಲ್ಲಿನ ತಪಾಸಣೆಯ ಶಿಬಿರಕ್ಕೆಂದು ನರಗುಂದದಿಂದ ಬಂದಿದ್ದ ಡಾಕ್ಟರ್ ಹೇಮಂತ ಬಾಗಿಲಲ್ಲೇ ನಿಂತು ಪಾಠವನ್ನು ಪೂರ್ತಿ ಕೇಳಿಬಿಟ್ಟ. ಕೇಳಿ ಒಳಗೆ ಬಂದ. "ಸರ, ನನ್ನ ಗಾಡಿ ಹೆಡ್ಡು ನೀವ ಮಾಡಿಕೊಡಬೇಕು. ಬ್ಯಾರೆಯವರ ಕೈಯಾಗ ಕೊಡಾಕ ಮನಸಿಲ್ಲ" ಅಂದ. ಬೇಡ ಎಂಬ ಮಾತು ಶರಣಬಸಪ್ಪನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಲವತ್ತು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಹಾಗೆ ಬಂದ ಗಾಡಿ ಒಂದು ಜಪಾನಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತೆಗೆದು ಮಡಚುವ ಮೇಲ್ಚಾವಣಿ, ಕುಂಕುಮದ ಬಣ್ಣ. ಗಜೇಂದ್ರಗಡದ ಅವನ ಓಣಿಗೆ ಅದನ್ನು ಟೆಂಪೋ ಎಳೆದು ತಂದು ಬಿಟ್ಟಾಗ ತಾಯಿ ಚೌಡವ್ವ ಹೊರಗೆ ಬಂದು ಒಂದು ಸುತ್ತು ಹಾಕಿ, "ಇಷ್ಟ್ಯಾಕ ಗಿಡ್ಡ ಐತೋ ಶರಣ್ಯಾ? ಉಳಿದ ಅರ್ಧಾ ನಾಳೆ ತರ್ತಾರೇನು?" ಎಂದು ಕೇಳಿದ್ದಳು. ಎರಡು ಭಾನುವಾರ ಅವನು ಪುಸ್ತಕ ತೆರೆದಿಟ್ಟುಕೊಂಡು, ತನ್ನ ಉಸಿರು ತನಗೇ ಕೇಳುವಂತೆ, ಇಂಜಿನ್ನಿನ ತಲೆಭಾಗವಾದ ಹೆಡ್ಡನ್ನು ಬಿಚ್ಚಿದ. ಮೇಲಿನ ಮುಚ್ಚಳ ಎದ್ದು ಬಂದಾಗ ಅದರೊಳಗೆ ನೀಲಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ. ಎಲ್ಲ ಒಂದೇ ಕಪ್ಪು. ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಹೋದ. ಕಂಡಕ್ಟರ್ ಬಗ್ಗಿ ನೋಡಿ, "ಕೂಸಿಗೆ ಅರಾಮಿಲ್ಲೇನ್ರಿ?" ಅಂದಿದ್ದ. ಹೌದು ಅಂದುಬಿಟ್ಟಿದ್ದ ಶರಣಬಸಪ್ಪ. ಯಾಕೆ ಅಂದೆ ಎಂದು ನರಗುಂದ ದಾಟುವ ತನಕ ಅವನಿಗೆ ಸಂಕಟವಾಗಿತ್ತು. ಹುಬ್ಬಳ್ಳಿಯ ಲೇಥಿನವರು ಹೆಡ್ಡಿನ ತಳ ಸಪಾಟು ಮಾಡಿ, ವಾಲ್ವು ಕೂರುವ ಸೀಟುಗಳನ್ನು ಹೊಸದಾಗಿ ಕೊರೆದು, ಹೇಮಂತ ತರಿಸಿದ್ದ ದೊಡ್ಡ ವಾಲ್ವುಗಳನ್ನು ಕೂರಿಸಿಕೊಟ್ಟರು. ಹೊಸ ಕ್ಯಾಮ್ ಶಾಫ್ಟು ಎರಡು ಕೊರಿಯರಿನಲ್ಲಿ ಬಂದವು. ಗಾಳಿಯ ದಾರಿಗಳನ್ನು ಎಮರಿ ಹಾಳೆಯಿಂದ ನಯಮಾಡುವ ಕೆಲಸವನ್ನು ಮಾತ್ರ ಅವನು ತಾನೇ ಆರು ಸಂಜೆ ಕೂತು ಮಾಡಿದ. ಬೆರಳು ಒಳಗೆ ಹಾಕಿ ತಿಕ್ಕುತ್ತ, ಆ ನುಣುಪು ತನ್ನಿಂದ ಬಂದದ್ದು ಎಂಬ ಸಂತೋಷಕ್ಕೆ ಅವನು ಆಗಾಗ ಕಳ್ಳನ ಹಾಗೆ ಬಾಗಿಲ ಕಡೆ ನೋಡುತ್ತಿದ್ದ.

ಉಳಿದದ್ದು ಬಿಲ್ಲೆಗಳ ಕೆಲಸ. ಪ್ರತಿ ವಾಲ್ವಿನ ತಲೆಯ ಮೇಲೆ, ಅದನ್ನು ಒತ್ತುವ ಕ್ಯಾಮಿನ ಕೆಳಗೆ, ಎಂಟಾಣೆಯಷ್ಟಗಲದ ಒಂದೊಂದು ಉಕ್ಕಿನ ಬಿಲ್ಲೆ. ಹದಿನಾರು ವಾಲ್ವು, ಹದಿನಾರು ಬಿಲ್ಲೆ. ನೋಡುವುದಕ್ಕೆ ಎಲ್ಲ ಒಂದೇ, ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಕ್ಯಾಮಿಗೂ ವಾಲ್ವಿಗೂ ನಡುವಿನ ಸಂದು ಸರಿಯಿರುವುದು ಆ ದಪ್ಪದಿಂದಲೇ. ಬಿಚ್ಚಿದ ದಿನವೇ ಅವನು ಅವನ್ನು ಒಂದು ಸ್ಟೀಲಿನ ತಾಟಿನಲ್ಲಿ ಎಂಟೆಂಟರ ಎರಡು ಸಾಲು ಮಾಡಿ, ಒಂದೊಂದರ ಕೆಳಗೂ ನಂಬರು ಬರೆದ ಚೀಟಿ ಇಟ್ಟಿದ್ದ. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಹಾಸು ಮುಗಿದು ಹೊಸದನ್ನು ಕೂಡಿಸುವಾಗ ಎಳೆಗೆ ಎಳೆ ಕೂಡಬೇಕು. ಒಂದು ಎಳೆ ಪಕ್ಕಕ್ಕೆ ಸರಿದರೆ ಸೀರೆ ಮುಗಿಯುವ ತನಕ ಅದು ಕಣ್ಣಿಗೆ ಚುಚ್ಚುತ್ತಿರುತ್ತದೆ. ಆರು ವರ್ಷದವನಿದ್ದಾಗ ಅವನ ಕೈಯಿಂದ ಹಾಗೆ ಒಂದು ಎಳೆ ಸರಿದಿತ್ತು. ಅಪ್ಪ ಹೊಡೆಯಲಿಲ್ಲ. ಸೀರೆಯನ್ನು ಬಿಸಿಲಿಗೆ ಹಿಡಿದು ಸುಮ್ಮನೆ ತೋರಿಸಿದ್ದ. ಸಾಲು ತಪ್ಪಬಾರದು ಎಂಬುದು ಅವನಿಗೆ ಇಂಜಿನ್ನಿಗಿಂತ ಎಷ್ಟೋ ಮೊದಲೇ ಗೊತ್ತಿದ್ದ ಸತ್ಯ.

ಗಾಡಿ ಒಪ್ಪಿಸಬೇಕಾಗಿದ್ದ ಭಾನುವಾರ ಸ್ನಾನ ಮುಗಿಸಿ ಮಗ್ಗದ ಕೋಣೆಗೆ ಬಂದರೆ ತಾಟು ಇರಲಿಲ್ಲ. ಕೌದಿಯ ಮೇಲೆ ಹೆಡ್ಡು ಇತ್ತು, ಪಕ್ಕದಲ್ಲಿ ತಾಯಿ ಮಗ್ಗದ ಗುಂಡಿಯಲ್ಲಿ ಕೂತು ಲಾಳಿ ಎಸೆಯುತ್ತಿದ್ದಳು. ಮಗ್ಗದ ಮರಕ್ಕೆ ಕೆಂಪು ನೂಲಿನ ಒಂದು ಸರ ಜೋತುಬಿದ್ದಿತ್ತು. ಹತ್ತಿರ ಹೋಗಿ ನೋಡಿದ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವ ಹಾಗೆ ಕೊಂಡಿಗೆ ಕೊಂಡಿ ಕೂಡಿಸಿ, ಒಂದೊಂದು ಕೊಂಡಿಯಲ್ಲೂ ಒಂದೊಂದು ಬಿಲ್ಲೆಯನ್ನು ಬಿಗಿದು ಕಟ್ಟಲಾಗಿತ್ತು.

"ಯವ್ವಾ, ಇದೇನ ಮಾಡಿದಿ?"

"ನಿನ್ನ ಹೆಣ್ತಿಗೆ ತಾಟು ಬೇಕಾಗಿತ್ತು. ಚೀಟಿ ಎಲ್ಲಾ ಸೀಮಿಎಣ್ಣಿ ಕುಡದು ಅಕ್ಷರ ಹ್ವಾದುವು. ಹಂಗ ಬಿಟ್ಟರ ಕಲಸ್ತಾವಂತ ಸಾಲು ಹಿಡದು ಕಟ್ಟೀನಿ. ಒಂದೂ ತಪ್ಪಿಲ್ಲ, ನೋಡ್ಕೊ."

ತಪ್ಪಿಲ್ಲ ಎಂದು ಚೌಡವ್ವ ಅಂದರೆ ತಪ್ಪಿರುವುದಿಲ್ಲ. ಅವನ ಎದೆಯ ಭಾರ ಇಳಿಯಿತು. ಇಳಿದದ್ದು ಅರ್ಧದಲ್ಲೇ ನಿಂತಿತು.

"ಯಾವ ಕಡಿಂದ ಶುರು ಮಾಡಿದಿ?"

"ಬಲಗಡಿಂದ. ಮತ್ತ ಎಲ್ಲಿಂದ ಮಾಡ್ತಾರ?"

"ಯಾರ ಬಲಾ?"

"ನನ್ನ ಬಲಾ. ನಿನ್ನ ಬಲಾ ನನಗ್ಯಾಕ ಬೇಕು?"

"ಮದಲ ಒಂದ ಸಾಲು ಮುಗಿಸಿ ಆಮ್ಯಾಲ ಇನ್ನೊಂದ ಹಿಡದೆಲಾ?"

ಚೌಡವ್ವ ಲಾಳಿ ನಿಲ್ಲಿಸಿ, ಇವನು ತನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಎನ್ನುವ ಹಾಗೆ ನೋಡಿದಳು. "ಈ ಸಾಲಿಂದೊಂದು, ಆ ಸಾಲಿಂದೊಂದು. ಮಗ್ಗದ ಹಣಿಗಿ ಒಂದ ಹಲ್ಲಿಗೆ ಎಷ್ಟ ಎಳಿ ಹೋಗ್ತಾವು? ಎರಡು. ಜೋಡಿ ಜೋಡಿ ಹಿಡದೀನಿ. ಸಾಲೀ ಕಲಸೂ ಮಾಸ್ತರ ಅದೀ, ಇಷ್ಟ ತಿಳೀದಿಲ್ಲೇನು?"

ಅದೂ ಸರಿಯೇ. ಆದರೆ ತಾಟು ಮಗ್ಗದ ಮೇಲೆ ಬಂದಾಗ ಅದರ ಯಾವ ಕಡೆ ಅವಳ ಬಲಕ್ಕಿತ್ತು, ಒಂದನೆಯ ನಂಬರಿನದೋ ಕೊನೆಯದೋ? ಅವನು ಅಡುಗೆಮನೆಗೆ ಓಡಿದ. ಹೆಂಡತಿ ಅನ್ನಪೂರ್ಣ ಅದೇ ತಾಟಿನಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು.

"ಈ ತಾಟು ಅವ್ವಗ ಕೊಡುವಾಗ ತಿರುಗಿಸಿದ್ದೇನು?"

"ತಿರುಗಿಸೂದು ಅಂದ್ರ?"

"ಅಂದ್ರ, ಹಿಂದಿಂದು ಮುಂದ..."

ಅನ್ನಪೂರ್ಣ ಹಿಟ್ಟಿನ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡಳು. "ರೀ, ತಾಟು ಗುಂಡಗ ಐತಿ. ಗುಂಡಗ ಇದ್ದದ್ದಕ್ಕ ಮುಂದ ಯಾವುದು, ಹಿಂದ ಯಾವುದು, ನೀವ ಹೇಳ್ರಿ."

ಅವನು ಅವಳನ್ನು ಹಿಟ್ಟಿನ ಕೈಯಲ್ಲೇ ಎಬ್ಬಿಸಿ, ಕೈಗೆ ತಾಟಿನಷ್ಟೇ ಅಗಲದ ಖಾಲಿ ಪರಾತ ಕೊಟ್ಟು, ಬೆಳಗಿನಂತೆಯೇ ನಡೆದು ಬರಲು ಹೇಳಿದ. ಅವಳು ಬಂದಳು. ಬಾಗಿಲಲ್ಲಿ ಪರಾತ ತಾಗಿತು. ಬೆಳಿಗ್ಗೆಯೂ ತಾಗಿತ್ತೇ? ನೆನಪಿಲ್ಲ. ತಾಗಿದ್ದರೆ ಓರೆ ಮಾಡಿ ತಂದಿರಬೇಕು. ಓರೆ ಮಾಡಿದ್ದರೆ ಎಡಕ್ಕೋ ಬಲಕ್ಕೋ? ಮೂರನೆಯ ಸಲ ನಡೆಸಿದಾಗ ಅನ್ನಪೂರ್ಣ ಪರಾತವನ್ನು ಕಟ್ಟೆಯ ಮೇಲಿಟ್ಟು, "ನಾ ರೊಟ್ಟಿ ಬಡೀಬೇಕ್ರಿ" ಎಂದು ಹೋದಳು. ಸಂಜೆ ಐದಕ್ಕೆ ಹೇಮಂತ ಗಾಡಿ ಒಯ್ಯಲು ಬರುವವನಿದ್ದ. ಗೋಡೆಗೆ ಒರಗಿ ಕೂತ ಶರಣಬಸಪ್ಪನಿಗೆ ಹೇಮಂತನ ಬೆಳ್ಳಗಿನ ಹಲ್ಲು ಕಂಡವು, ಚಪ್ಪಾಳೆ ಕೇಳಿತು. ಸೋಮವಾರ ಸ್ಟಾಫ್ ರೂಮಿನಲ್ಲಿ ಯಾರೋ ಚಹಾದ ಕಪ್ಪು ಕೆಳಗಿಟ್ಟು, ಹಂಗಾದ್ರ ಇಷ್ಟು ವರ್ಷ ಏನು ಕಲಸಿದ್ರಿ ಸರ, ಎಂದು ಮೆಲ್ಲಗೆ ಕೇಳುವುದು ಕೇಳಿತು.

ಈ ಭಾಗದಲ್ಲಿ ಇಂಥ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಒಬ್ಬನೇ. ರೋಣದ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮದರಸಾಬ. ಹನ್ನೊಂದು ವರ್ಷದ ಹಿಂದೆ ಶರಣಬಸಪ್ಪನ ಕೈಯಲ್ಲೇ ಕಲಿತವನು, ಅವನ ಕೈಯಲ್ಲೇ ಫೇಲಾದವನು. ಬಾಯಿ ಪರೀಕ್ಷೆಯಲ್ಲಿ ಶರಣಬಸಪ್ಪ, ಹೆಡ್ಡಿನ ಬೋಲ್ಟು ಎಷ್ಟು ಬಿಗಿ ಮಾಡಬೇಕು ಎಂದು ಕೇಳಿದ್ದ. "ಕೈಗೆ ತಿಳೀತೈತ್ರಿ ಸರ" ಅಂದಿದ್ದ ಮದರಸಾಬ. ಪುಸ್ತಕದಲ್ಲಿ ಅಳತೆ ಇತ್ತು, ನ್ಯೂಟನ್ ಮೀಟರಿನಲ್ಲಿ. ಶರಣಬಸಪ್ಪ ಸೊನ್ನೆ ಹಾಕಿದ. ಮೂರು ಅಂಕದಲ್ಲಿ ಪಾಸಾಗುವುದು ತಪ್ಪಿತು. ಹುಡುಗ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಅಂದಿನಿಂದ ದಿನವೂ ರೋಣದ ಬಸ್ಸು ಆ ಗ್ಯಾರೇಜಿನ ಮುಂದೆ ಹಾಯುವಾಗ ಶರಣಬಸಪ್ಪ ಇನ್ನೊಂದು ಕಡೆಗೆ ತಿರುಗಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಈಗ ಸರವನ್ನು ಕೈಚೀಲದಲ್ಲಿ ಹಾಕಿಕೊಂಡು ನಡೆಯುತ್ತ ಅವನಿಗೆ ಹತ್ತಿದ ಚಿಂತೆ ಬಿಲ್ಲೆಗಳದ್ದಲ್ಲ, ಮದರಸಾಬನನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಎಂಬುದು. ನೀನು ಅಂದರೆ ಇನ್ನೂ ಮಾಸ್ತರಿಕೆ ಬಿಟ್ಟಿಲ್ಲ ಎಂದಾಗುತ್ತದೆ. ನೀವು ಅಂದರೆ, ಕೆಲಸ ಬಿದ್ದಾಗ ಬಂತು ನೋಡು ಮರ್ಯಾದೆ, ಎಂದಾಗುತ್ತದೆ. ಏನೂ ಅನ್ನದೆ ವಾಕ್ಯ ಮುಗಿಸುವುದು ಹೇಗೆಂದು ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ.

ಗ್ಯಾರೇಜಿನಲ್ಲಿ ಒಂದು ಟ್ರ್ಯಾಕ್ಟರಿನ ಕೆಳಗಿನಿಂದ ಎರಡು ಕಾಲು ಹೊರಗೆ ಬಂದಿದ್ದವು. ಮುಖಕ್ಕೆಂದು ಸಿದ್ಧಮಾಡಿದ ಮಾತನ್ನು ಕಾಲುಗಳಿಗೆ ಹೇಳುವುದು ಸುಲಭವಿತ್ತು. "ಮದರಸಾಬ, ಒಂದ ಕೆಲಸ ಇತ್ತು" ಎಂದ. ಕಾಲುಗಳು ಇನ್ನಷ್ಟು ಹೊರಗೆ ಜರುಗಿದವು. ಆಮೇಲೆ ಮದರಸಾಬ ಪೂರ್ತಿ ಹೊರಗೆ ಬಂದ. ಗಡ್ಡದಲ್ಲಿ ಎರಡು ಬಿಳಿ ಕೂದಲು ಬಂದಿದ್ದವು. "ಸರ! ಬರ್ರಿ, ಬರ್ರಿ" ಎಂದು ಒಂದು ಡಬ್ಬಿಯನ್ನು ಬೋರಲು ಹಾಕಿ, ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿ ಅದನ್ನು ಮೊದಲಿಗಿಂತ ಹೊಲಸು ಮಾಡಿ, ಕೂರಲು ಕೊಟ್ಟ. ಶರಣಬಸಪ್ಪ ಒಗೆದ ಧೋತರದಲ್ಲಿ ಅದರ ಮೇಲೆ ಕೂತ. ಕೂರದೆ ಇರುವುದು ತಪ್ಪಾಗುತ್ತಿತ್ತು. ಚೀಲದಿಂದ ಸರ ತೆಗೆದ.

"ಏನ್ರಿ ಇದು? ಮೊಹರಮ್‌ನ್ಯಾಗ ಕೊರಳಿಗೆ ಹಾಕೂ ಲಾಡಿ ಇದ್ದಂಗ ಐತಿ."

"ನಮ್ಮವ್ವ ಕಟ್ಟ್ಯಾಳ" ಎಂದು ಅವನು ಎಲ್ಲ ಹೇಳಿದ. ತಾಟು, ಬಲಗೈ, ಹಣಿಗೆಯ ಹಲ್ಲು, ಬಾಗಿಲಿಗೆ ತಾಗಿದ ಪರಾತ. ಮದರಸಾಬ ನಡುವೆ ಬಾಯಿ ಹಾಕದೆ ಕೇಳಿದ. ಕೇಳಿ, ಬಹಳ ಮರ್ಯಾದೆಯಿಂದ, ತಾನೇ ಏನೋ ತಿಳಿಯದವನಂತೆ ಅಂದ: "ಅಲ್ರಿ ಸರ, ವಾಲ್ವು ಹೊಸಾವು, ಸೀಟು ಹೊಸಾದಾಗಿ ಕೊರಸೀರಿ, ಕ್ಯಾಮೂ ಹೊಸಾವು. ಈ ಹಳೇ ಸಾಲು ತಗೊಂಡು ಏನ ಮಾಡ್ತೀರಿ? ಎಲ್ಲಾ ಹೊಸಾದಾಗಿ ಅಳೀಬೇಕಲ್ರಿ?"

ಶರಣಬಸಪ್ಪನ ಕಿವಿಯಲ್ಲಿ ನಲವತ್ತು ದನಿಗಳು ಒಟ್ಟಿಗೆ ಎದ್ದವು. ವಾಲ್ವ್ ಅಥವಾ ಸೀಟನ್ನು ಬದಲಿಸಿದಾಗ ಟ್ಯಾಪೆಟ್ ಅಂತರವನ್ನು ಹೊಸದಾಗಿ ಅಳೆಯತಕ್ಕದ್ದು. ಏಳನೆಯ ಪಾಠ. ಪ್ರತಿ ವರ್ಷ ಜನವರಿಯಲ್ಲಿ ಅವನೇ ಬೆತ್ತದಿಂದ ತಾಳ ಹಾಕಿ ಹೇಳಿಸುತ್ತಿದ್ದ ವಾಕ್ಯ. ಹತ್ತೊಂಬತ್ತು ಜನವರಿ. ಅದರ ಅರ್ಥ ಈ ಉಕ್ಕಿನ ಬಿಲ್ಲೆ ಎಂಬುದು ಅವನಿಗೆ ಇವತ್ತು ಈ ಎಣ್ಣೆ ಡಬ್ಬಿಯ ಮೇಲೆ ಕೂತಾಗ ಗೊತ್ತಾಗುತ್ತಿತ್ತು. ನಿನ್ನನ್ನು ಪರೀಕ್ಷೆ ಮಾಡಲು ಕೇಳಿದೆ, ಅನ್ನಬಹುದಿತ್ತು. ಬಾಯಿ ಅದಕ್ಕಾಗಿ ತೆರೆದೂ ತೆರೆಯಿತು. ಹೊರಗೆ ಬಂದದ್ದು, "ನನಗ ಹೊಳೀಲಿಲ್ಲ."

ಮದರಸಾಬ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಇದಕ್ಕಿಂತ ಮದಲ ಎಷ್ಟ ಹೆಡ್ಡು ಮಾಡೀರಿ ಸರ?"

"ಲೆಕ್ಕಾ ಇಟ್ಟಿಲ್ಲ" ಅಂದ ಶರಣಬಸಪ್ಪ. ಸೊನ್ನೆಯನ್ನು ಯಾರೂ ಲೆಕ್ಕ ಇಡುವುದಿಲ್ಲವಾದ್ದರಿಂದ ಇದು ಪೂರ್ತಿ ಸುಳ್ಳಲ್ಲ ಎಂದು ಅವನಿಗೆ ತಕ್ಷಣ ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಮದರಸಾಬ ಸಂದು ಅಳೆಯುವ ಫೀಲರ್ ಗೇಜು, ದಪ್ಪ ಅಳೆಯುವ ಮೈಕ್ರೋಮೀಟರು ತೆಗೆದುಕೊಂಡು ಬೈಕು ಚಾಲು ಮಾಡಿದ.

ಮನೆಯಲ್ಲಿ ಮೊದಲ ಅಡ್ಡಿ ಸರವೇ. ಮದರಸಾಬನ ಬೆರಳಿಗೆ ಒಂದು ಗಂಟೂ ಬಗ್ಗಲಿಲ್ಲ. "ಅವ್ವಾರ, ಇಂಜಿನ್ ಬೇಕಾದ್ದು ಬಿಚ್ಚತೀನಿ, ಇದು ನನ್ನ ಕೈಲಿ ಆಗೂದಿಲ್ಲ" ಅಂದ. ಚೌಡವ್ವ ಸಿಟ್ಟಿನಲ್ಲಿದ್ದಳು, ಅಷ್ಟು ಚಂದ ಸಾಲು ಹಿಡಿದು ಕಟ್ಟಿದ್ದು ಬೇಡವೆಂದರೆ ಯಾರಿಗಾದರೂ ಬರುತ್ತದೆ. "ಮದಲ ಹೇಳಬೇಕಿಲ್ಲೋ, ಸಾಲು ಬ್ಯಾಡಾಂತ" ಎಂದು ಮಗನಿಗೆ ಬೈದು, ತುದಿಯ ಒಂದೇ ಎಳೆ ಹಿಡಿದು ಎಳೆದಳು. ಹದಿನಾರು ಬಿಲ್ಲೆಯೂ ಟಣಟಣ ಎಂದು ಅವಳ ಮಡಿಲಿಗೆ ಬಿದ್ದವು.

ಕ್ಯಾಮ್ ಕೂರಿಸಿ, ಬಿಲ್ಲೆ ಇಟ್ಟು, ಗೇಜಿನ ತೆಳ್ಳನೆಯ ಎಲೆಗಳನ್ನು ಒಂದೊಂದಾಗಿ ತೂರಿಸುತ್ತ ಮದರಸಾಬ ಅಳತೆ ಕೂಗಿದ. ಶರಣಬಸಪ್ಪ ಬರೆದುಕೊಂಡ. ಸೀಟು ಕೊರೆದದ್ದರಿಂದ ವಾಲ್ವುಗಳ ತಲೆ ಮೇಲೆದ್ದು ಎಲ್ಲ ಕಡೆ ಸಂದು ಕಡಿಮೆಯಾಗಿತ್ತು; ಬಿಲ್ಲೆಗಳನ್ನು ತೆಳ್ಳಗೆ ಮಾಡಬೇಕಿತ್ತು. ಎಷ್ಟೆಷ್ಟು ಕಳೆಯಬೇಕೆಂಬ ವಜಾಬಾಕಿ ಶರಣಬಸಪ್ಪನಿಗೆ ಬಾಯಲ್ಲೇ ಬಂತು. ಹದಿನಾರನ್ನೂ ಅವನು ತಡವರಿಸದೆ ಹೇಳಿದಾಗ ಮದರಸಾಬ ತಲೆ ಎತ್ತಿ, "ಇದ ನನಗ ಬರಂಗಿಲ್ಲ ನೋಡ್ರಿ. ನಾ ಅಂದಾಜಿನ ಮ್ಯಾಲ ಹೋಗ್ತೀನಿ" ಅಂದ. ಗೋಡೆಯಿಂದ ಅನ್ನಪೂರ್ಣಳ ಕನ್ನಡಿ ಇಳಿಯಿತು. "ಇದ್ದದ್ದ ಒಂದು" ಅಂದಳು ಅವಳು, ಆದರೂ ಇಳಿಸಿಕೊಟ್ಟಳು. ಆ ಗಾಜಿನ ಮೇಲೆ ಎಮರಿ ಹಾಳೆ ಹಾಸಿ, ಎಣ್ಣೆ ಬಿಟ್ಟು, ನಾಲ್ವರೂ ಸುತ್ತ ಕೂತು ಬಿಲ್ಲೆ ತಿಕ್ಕಿದರು. ದಪ್ಪ ನೋಡುವುದಕ್ಕೆ ಮದರಸಾಬನ ಹತ್ತಿರ ಮೈಕ್ರೋಮೀಟರ್ ಇತ್ತು, ಚೌಡವ್ವನ ಹತ್ತಿರ ಹೆಬ್ಬೆರಳು ಇತ್ತು. "ಇದು ಇನ್ನ ಅರ್ಧಾ ಎಳಿ ದಪ್ಪ ಐತಿ" ಎಂದು ಅವಳು ವಾಪಸು ಕೊಟ್ಟ ಬಿಲ್ಲೆಯನ್ನು ಮದರಸಾಬ ಅಳೆದು ನೋಡಿ, ಮತ್ತೆ ತಿಕ್ಕಲು ಶುರುಮಾಡಿದ. ಎರಡು ಸಲ ಹೀಗಾದ ಮೇಲೆ ಅವನು ಅಳೆಯುವುದಕ್ಕೆ ಮೊದಲೇ ಅವಳ ಮುಖ ನೋಡತೊಡಗಿದ. ಶರಣಬಸಪ್ಪನಿಗೆ ಆ ಹೊತ್ತಿನಲ್ಲಿ, ಗಾಜಿನ ಮೇಲೆ ಉಕ್ಕು ಸರಿಯುವ ಸಪ್ಪಳದಲ್ಲಿ, ತಾನು ಬಹಳ ಸುಖವಾಗಿದ್ದೇನೆ ಎಂದು ಅನ್ನಿಸಿತು. ಅನ್ನಿಸಿದ ಕೂಡಲೇ ಗಡಿಯಾರ ನೋಡಿದ.

ಮೂರಕ್ಕೆ ಹೆಡ್ಡು ಹೊರಗೆ ಹೋಗಿ ಇಂಜಿನ್ನಿನ ಮೇಲೆ ಕೂತಿತು. ಬೋಲ್ಟು ಬಿಗಿ ಮಾಡುವ ಸರದಿ ಬಂದಾಗ ಮದರಸಾಬ ಪಾನವನ್ನು, ಅಂದರೆ ಸ್ಪ್ಯಾನರನ್ನು, ಅವನ ಕೈಗೆ ಕೊಟ್ಟ. ಐಟಿಐಯಿಂದ ಕೇಳಿ ತಂದಿದ್ದ, ಅಳತೆ ತುಂಬಿದಾಗ ಟಿಕ್ ಅನ್ನುವ ಪಾನ. "ನೀವ ಮಾಡ್ರಿ ಸರ. ಪುಸ್ತಕದಾಗಿನ ಲೆಕ್ಕಾ ನಿಮಗ ಗೊತ್ತೈತಿ." ಇದು ಚುಚ್ಚುಮಾತೇ? ಶರಣಬಸಪ್ಪ ಅವನ ಮುಖ ನೋಡಿದ. ಮುಖದಲ್ಲಿ ಎಣ್ಣೆ ಮಾತ್ರ ಇತ್ತು. ನಡುವಿನ ಬೋಲ್ಟಿನಿಂದ ಶುರುಮಾಡಿ ಎರಡು ಸುತ್ತು ಅರೆಬಿಗಿ ಮಾಡಿದ. ಮೂರನೆಯ ಸುತ್ತಿಗೆ ಮೈಯ ಭಾರ ಹಾಕಿ ಎಳೆದ. ಮದರಸಾಬ ಇಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡು ಬೇರೆಲ್ಲೋ ನೋಡುತ್ತಿದ್ದವನು, "ಸಾಕ್ರಿ" ಅಂದ. ಅದೇ ಗಳಿಗೆಗೆ ಪಾನ ಟಿಕ್ ಅಂದಿತು. ಎರಡನೆಯ ಬೋಲ್ಟಿಗೂ ಹಾಗೆಯೇ. ಹತ್ತೂ ಬೋಲ್ಟಿಗೆ ಹಾಗೆಯೇ. ಹತ್ತನೆಯದು ಮುಗಿದಾಗ ಶರಣಬಸಪ್ಪ ಪಾನವನ್ನು ನೆಲದ ಮೇಲಿಟ್ಟು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, ನೀರು ಕುಡಿಯದೆ ಹೊರಗೆ ಬಂದ.

ಹೇಮಂತ ಐದೂಕಾಲಿಗೆ ಬಂದ. ಬೆಲ್ಟು, ಎಣ್ಣೆ, ನೀರು ಎಲ್ಲ ಆಗಿತ್ತು. ಅವನೇ ಕೀಲಿ ತಿರುಗಿಸಿದ. ಮೊದಲ ಸಲ ಇಂಜಿನ್ ಕೆಮ್ಮಿ ನಿಂತಿತು. ಓಣಿಯ ನಾಯಿ ಎದ್ದು ದೂರ ಹೋಗಿ ಮಲಗಿತು. ಎರಡನೆಯ ಸಲಕ್ಕೆ ಹಿಡಿಯಿತು. ಹಿಡಿದು ಏರಿ, ಇಳಿದು, ಒಂದೇ ಸಮನೆ ನಿಂತಿತು. ಗುಂಡಿ ಮಗ್ಗದ ಸಪ್ಪಳಕ್ಕೆ ಕಿವಿ ಹಳೆಯದಾದ ಚೌಡವ್ವ ಹೊಸ್ತಿಲಲ್ಲಿ ನಿಂತು ತಲೆಯಾಡಿಸಿದಳು. ಹೇಮಂತ ಗಾಡಿಯಿಂದ ಇಳಿದ. ಕಣ್ಣು ತೇವವಾಗಿದ್ದವು. ಇಳಿದವನೇ, ನರಗುಂದದಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡಿರುವ ಡಾಕ್ಟರು, ಬಗ್ಗಿ ಶರಣಬಸಪ್ಪನ ಕಾಲು ಮುಟ್ಟಿದ.

ಕೆಂಡ ಮುಟ್ಟಿದವನ ಹಾಗೆ ಶರಣಬಸಪ್ಪ ಹಿಂದಕ್ಕೆ ಹಾರಿದ. "ಬ್ಯಾಡ್ರಿ ಡಾಕ್ಟರ, ಬ್ಯಾಡ್ರಿ! ನಾ ಇದಕ್ಕಿಂತ ಮದಲ ಒಂದೂ ಹೆಡ್ಡು ಬಿಚ್ಚಿಲ್ರಿ. ಹತ್ತೊಂಬತ್ತ ವರ್ಷದಾಗ ಒಂದೂ ಇಲ್ಲ. ಬರೇ ಬೋರ್ಡಿನ ಮ್ಯಾಲ ಕಲಸೀನಿ. ಇವತ್ತೂ ತಪ್ಪ ಮಾಡಿದ್ದೆ, ತಿದ್ದಿದಾಂವ ಇಂವಾ. ಇಂವನ್ನ ನಾನ ಹನ್ನೊಂದ ವರ್ಷದ ಹಿಂದ ಫೇಲ್ ಮಾಡೀನಿ, ಇಂವಗ ಖರೇ ಉತ್ತರ ಗೊತ್ತಿತ್ತು!"

ಹೇಮಂತ ನೆಟ್ಟಗೆ ನಿಂತು, ಮದರಸಾಬನ ಕಡೆ, ಚೌಡವ್ವನ ಕಡೆ ನೋಡಿ, ಮತ್ತೆ ಶರಣಬಸಪ್ಪನ ಕಡೆ ತಿರುಗಿ, ಎಲ್ಲ ಹಲ್ಲೂ ಕಾಣುವಂತೆ ನಕ್ಕ. "ನೋಡ್ರಿ, ದೊಡ್ಡವರು ಅಂದ್ರ ಹಿಂಗ ಇರ್ತಾರ. ಇಷ್ಟ ಮಾಡಿ ಎಲ್ಲಾ ಶಿಷ್ಯಾಗ ಬಿಟ್ಟಕೊಡ್ತಾರಲ್ಲ."

"ಖರೇನ ಹೇಳಾಕತ್ತಾನ್ರಿ" ಅಂದಳು ಚೌಡವ್ವ. "ಅಂವಗ ಏನೂ ಬರಂಗಿಲ್ಲ."

"ಅವ್ವಾರೂ ಹಂಗ ಅದಾರ!" ಎಂದು ಹೇಮಂತ ಅವಳಿಗೂ ಕೈ ಮುಗಿದ. ಮುಗಿದು, ಗಾಡಿ ಹತ್ತುವಾಗ ನೆನಪಾಗಿ, "ಸರ, ನಮ್ಮ ಗೆಳೆಯಾ ಗುರುರಾಜಂದೂ ಇಂಥಾದ ಒಂದ ಗಾಡಿ ಐತಿ. ಬರೂ ಐತವಾರ ಕಳಸ್ಲೇನು?" ಅಂದ.

ಶರಣಬಸಪ್ಪ ಬಾಯಿ ತೆರೆದ. ಈ ಸಲ ಚಪ್ಪಾಳೆ ಇರಲಿಲ್ಲ. ಬೇಡ ಅನ್ನಲು ಏನೂ ಅಡ್ಡಿ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮದರಸಾಬ, ಗೇಜಿನ ಎಲೆಗಳನ್ನು ಮಡಚುತ್ತ, "ಕಳಸ್ರಿ ಸಾಹೇಬ್ರ. ಸರ ಅದಾರಲ್ಲ" ಅಂದ.

ಗಾಡಿ ಓಣಿಯ ತಿರುವು ದಾಟಿ, ಊರು ದಾಟಿ, ನರಗುಂದದ ಕಡೆ ಸಪ್ಪಳ ಸಣ್ಣಗಾಗುವ ತನಕ ಇಬ್ಬರೂ ನಿಂತಿದ್ದರು. ಆಮೇಲೆ ಶರಣಬಸಪ್ಪ, "ಆ ಪರೀಕ್ಷಾ..." ಎಂದು ಶುರುಮಾಡಿದ.

"ಯಾವ ಪರೀಕ್ಷಾ ಸರ?" ಅಂದ ಮದರಸಾಬ. ಅಂದು, ಚಹಾ ತಂದ ಅನ್ನಪೂರ್ಣಳ ಕೈಯಿಂದ ಕಪ್ಪು ಇಸಿದುಕೊಂಡು, ಕನ್ನಡಿ ತೊಳೆದಿಡಬೇಕು ಇಲ್ಲದಿದ್ದರೆ ಎಣ್ಣೆ ಹಿಡಿಯುತ್ತದೆ ಎಂದು ಅವಳಿಗೆ ಹೇಳತೊಡಗಿದ.

ಅವನಿಗೆ ಖರೇನೇ ಮರೆತಿತ್ತೋ, ಮರೆತಂತೆ ಮಾಡಿ ಅವನು ಕೊಟ್ಟ ಕ್ಷಮೆಯೋ, ಅಥವಾ "ಸರ ಅದಾರಲ್ಲ" ಎಂಬುದೇ ಹನ್ನೊಂದು ವರ್ಷ ಕಾಯ್ದು ಹಾಕಿದ ಸೊನ್ನೆಯೋ, ಶರಣಬಸಪ್ಪ ಕೇಳಲಿಲ್ಲ. ನಾನು ಒಮ್ಮೆ ಗ್ಯಾರೇಜಿಗೆ ಹೋಗಿ ಮದರಸಾಬನನ್ನೇ ಕೇಳಿದೆ. ಅವನು ನಕ್ಕು, ನನಗೂ ಒಂದು ಡಬ್ಬಿ ಒರೆಸಿ ಕೊಟ್ಟು, ಚಹಾ ಹೇಳಿದ. ಚಹಾ ಕುಡಿದು ಬಂದೆ. ಉತ್ತರ ನನಗೆ ಗೊತ್ತಿಲ್ಲ.